ಕೆರೆಯ ಮೀನು, ದಡದ ಹುಳ, ನೀರಿನ ಸಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ಸುತ್ತ ಕೆರೆ ಏರಿಗಳ ಮೇಲೆ ನಿಂತು ಮಾತಾಡುವಾಗ, ಶಾಲೆಗಳಿಗೆ ಹೋದಾಗ, ಬಂದ ಕಾಗದಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಸದಾ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. ನಮಗೆ ಕೆರೆಯೇ ನದಿ. ಅದರೊಳಗೆ ಏನು ನಡೆಯುತ್ತಿದೆ ಅಂತ ನಮಗೆ ಗೊತ್ತಿರಬೇಕು ಅಂತ ನನ್ನ ಆಸೆ.

## ಮೊದಲಿಗೆ ಕೇಳುವಂಥವು

ನೀರಿನ ಸಾರ ಅಂದ್ರೆ ಏನು? ಸಾರ ಇರೋದು ಮಣ್ಣಿಗಲ್ವಾ?

ನೀರಿಗೂ ಸಾರ ಇದೆ. ಟೊಮೆಟೊ ಗಿಡಕ್ಕೆ ಯೂರಿಯಾ, ಡಿಎಪಿ ಹಾಕುತ್ತೀರಿ. ಯೂರಿಯಾದಲ್ಲಿ ಇರುವುದು ಸಾರಜನಕ. ಡಿಎಪಿಯಲ್ಲಿ ಸಾರಜನಕದ ಜೊತೆ ರಂಜಕವೂ ಇದೆ. ಕೆರೆಯಲ್ಲಿ ಬೆಳೆಯುವ ಪಾಚಿಗೂ ಮುಖ್ಯವಾಗಿ ಬೇಕಾದದ್ದು ಇವೆರಡೇ. ಪಾಚಿಯನ್ನು ನೀರುಚಿಗಟದಂಥ ಸಣ್ಣ ಜೀವಿಗಳು ತಿನ್ನುತ್ತವೆ, ಅವನ್ನು ಮೀನು ತಿನ್ನುತ್ತದೆ. ಸತ್ತದ್ದು, ಕಸ ಎಲ್ಲ ಕೆಳಗೆ ಇಳಿದು ಕೊಳೆತು ಮತ್ತೆ ಪಾಚಿಯ ಪಾಲಾಗುತ್ತದೆ. ಈ ಸುತ್ತಾಟಕ್ಕೆ ಪೋಷಕಾಂಶಗಳ ಚಕ್ರ ಅನ್ನುತ್ತಾರೆ.

ಎರಡರಲ್ಲಿ ರಂಜಕದ ಮೇಲೆ ಜಾಸ್ತಿ ಕಣ್ಣಿಡಬೇಕು. ಸಾರಜನಕ ಗಾಳಿಯಿಂದ ಬರಬಹುದು, ಗಾಳಿಗೆ ಹೋಗಬಹುದು. ರಂಜಕಕ್ಕೆ ಆ ದಾರಿ ಇಲ್ಲ. ಒಳಗೆ ಬಂದರೆ ನೀರು, ಹೂಳು, ಜೀವಿಗಳ ಮೈ, ಈ ಮೂರರಲ್ಲೇ ಸುತ್ತುತ್ತಿರುತ್ತದೆ. ಕೆನಡಾದ ಒಂಟಾರಿಯೊದಲ್ಲಿ 1973ರಲ್ಲಿ ಒಂದು ಕೆರೆಗೆ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಕಡೆ ಇಂಗಾಲ, ಸಾರಜನಕ ಹಾಕಿದರು. ಇನ್ನೊಂದು ಕಡೆ ಅವುಗಳ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಅರ್ಧ ಹಸಿರಾಯಿತು. ಇನ್ನರ್ಧ ಹಾಗೇ ಉಳಿಯಿತು.

ಮೀನು ಕೆರೆಗೆ ಗೊಬ್ಬರ ಹಾಕುತ್ತಾ?

ಹಾಕುತ್ತದೆ. ಮೀನು ಸಾರಜನಕವನ್ನು ಬಹುಪಾಲು ಅಮೋನಿಯಾ ರೂಪದಲ್ಲಿ ಕಿವಿರಿನಿಂದಲೇ ಹೊರಗೆ ಬಿಡುತ್ತದೆ. ರಂಜಕ ಮೂತ್ರ ಮತ್ತು ಮಲದಲ್ಲಿ ಹೋಗುತ್ತದೆ. ಅಮೋನಿಯಾವನ್ನು ಪಾಚಿ ತಕ್ಷಣ ಹೀರಿಕೊಳ್ಳಬಲ್ಲದು. ಕೊಳೆಯುವ ತನಕ ಕಾಯಬೇಕಿಲ್ಲ.

ಆದರೆ ಅದು ಹೊಸ ಗೊಬ್ಬರವಾ, ಇದ್ದದ್ದೇ ತಿರುಗಿದ್ದಾ ಅನ್ನುವುದನ್ನು ನೋಡಬೇಕು. ನಮ್ಮ ಕಡೆ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ಕುರಿ ಹಗಲೆಲ್ಲ ಗುಡ್ಡದಲ್ಲಿ ಮೇದು ರಾತ್ರಿ ನಿಮ್ಮ ಹೊಲದಲ್ಲಿ ಹಿಕ್ಕೆ ಹಾಕಿದರೆ ಹೊಲಕ್ಕೆ ಹೊಸ ಸಾರ ಬಂತು. ನಿಮ್ಮ ಹೊಲದಲ್ಲೇ ಮೇದು ಅಲ್ಲೇ ಹಿಕ್ಕೆ ಹಾಕಿದರೆ ಹೊಸದಾಗಿ ಏನೂ ಬರಲಿಲ್ಲ, ಇದ್ದದ್ದು ಬೇಗ ತಿರುಗಿತು ಅಷ್ಟೆ. ಕೆರೆಯ ಮೀನನ್ನೂ ಹೀಗೇ ನೋಡಿ. ಎಲ್ಲಿ ಮೇಯಿತು, ಎಲ್ಲಿ ಬಿಟ್ಟಿತು? ಮುಂದಿನ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಇದರಲ್ಲೇ ಇದೆ.

ನೆಲದ ಹುಳಕ್ಕೂ ಕೆರೆಗೂ ಏನು ಸಂಬಂಧ?

ಮೊದಲ ಮಳೆ ಬಿದ್ದ ಸಂಜೆ ಈಚಲು ಹುಳ ಏಳುವುದನ್ನು ನೋಡಿದ್ದೀರಿ. ತೆಲುಗು ಬೆರೆಸಿ ಮಾತಾಡುವ ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಉಸುಳ್ಳು ಅಂತಲೂ ಅನ್ನುತ್ತಾರೆ, ಹುರಿದು ತಿನ್ನುತ್ತಾರೆ. ಕೆರೆ ಪಕ್ಕದ ಹುತ್ತದಿಂದ ಎದ್ದವುಗಳಲ್ಲಿ ಎಷ್ಟೋ ನೀರಿಗೆ ಬೀಳುತ್ತವೆ. ರೆಕ್ಕೆ ಒದ್ದೆಯಾದರೆ ಮತ್ತೆ ಏಳಲಾರವು. ಆ ಸಂಜೆ ಏರಿ ಮೇಲೆ ಸುಮ್ನೆ ಹತ್ತು ನಿಮಿಷ ಕೂತು ನೋಡಿ. ನೀರಿನ ತುಂಬ ಗುಳುಗುಳು ಉಂಗುರಗಳು ಏಳುತ್ತಿರುತ್ತವೆ. ಒಂದೊಂದು ಉಂಗುರವೂ ಒಂದು ಮೀನಿನ ತುತ್ತು.

ಈಚಲು ಅಷ್ಟೇ ಅಲ್ಲ. ರೆಕ್ಕೆ ಇರುವೆ, ಮಿಡತೆ, ದುಂಬಿ, ಹೊಂಗೆ ಮರದಿಂದ ಉದುರುವ ಕಂಬಳಿಹುಳ ಎಲ್ಲವೂ ಬೀಳುತ್ತವೆ. ಇವೆಲ್ಲ ನೆಲದಲ್ಲಿ ಮೇದವು. ಮಂದೆಯ ಕುರಿಯ ಹಾಗೆ, ಹೊರಗಿನ ಸಾರವನ್ನು ಒಳಗೆ ತಂದವು. ಒಣಗಿದ ಹುಳದ ತೂಕದಲ್ಲಿ ನೂರಕ್ಕೆ ಸುಮಾರು 10 ಭಾಗ ಸಾರಜನಕ, ಹೆಚ್ಚುಕಡಿಮೆ 1 ಭಾಗ ರಂಜಕ ಇರುತ್ತದೆ. ಉದುರಿದ ಎಲೆಗೆ ಹೋಲಿಸಿದರೆ ಇದು ಬಹಳ ಗಟ್ಟಿ ಗೊಬ್ಬರ.

ಅಷ್ಟು ಚಿಕ್ಕ ಹುಳದಿಂದ ಅಷ್ಟು ದೊಡ್ಡ ಕೆರೆಗೆ ಏನಾಗುತ್ತೆ?

ಲೆಕ್ಕ ಹಾಕೋಣ. ಒಂದು ಕ್ವಿಂಟಾಲ್ ಹಸಿ ಹುಳ ಬಿತ್ತು ಅಂತ ಇಟ್ಟುಕೊಳ್ಳಿ. ಒಣಗಿದರೆ ಸುಮಾರು 30 ಕೆಜಿ. ಅದರಲ್ಲಿ ಸಾರಜನಕ 3 ಕೆಜಿ, ರಂಜಕ 300 ಗ್ರಾಂ. 50 ಕೆಜಿಯ ಒಂದು ಡಿಎಪಿ ಮೂಟೆಯಲ್ಲಿ ರಂಜಕ ಸುಮಾರು 10 ಕೆಜಿ ಇದೆ. ಅಂದರೆ ಒಂದು ಮೂಟೆ ಗೊಬ್ಬರ ಮಳೆಗೆ ಕೊಚ್ಚಿ ಕೆರೆ ಸೇರಿದರೆ 30 ಕ್ವಿಂಟಾಲ್‌ಗೂ ಮೀರಿದ ಹುಳ ಬಿದ್ದಂತೆ! ಹುಳದ ಮಹಿಮೆ ಹೇಳುವ ಉತ್ಸಾಹದಲ್ಲಿ ಈ ಲೆಕ್ಕವನ್ನು ಮುಚ್ಚಿಡಬಾರದು.

ಆದರೆ ಕೆರೆಯ ಗಾತ್ರ ನೋಡಿ. ಹುಳ ಬೀಳುವುದು ಹೆಚ್ಚಾಗಿ ದಡದ ಹತ್ತಿರ. ಚೌಕಾಕಾರದ 1 ಹೆಕ್ಟೇರ್ ಕುಂಟೆಗೆ 400 ಮೀಟರ್ ದಡ ಇದೆ. 100 ಹೆಕ್ಟೇರ್ ಕೆರೆಗೆ 4,000 ಮೀಟರ್, ಅಂದರೆ ಹೆಕ್ಟೇರಿಗೆ 40 ಮೀಟರ್ ಮಾತ್ರ. ಕುಂಟೆ, ಕಲ್ಯಾಣಿ, ಗೋಕಟ್ಟೆಗಳಿಗೆ ಹುಳದ ಪಾಲು ದೊಡ್ಡದು. ಬೇತಮಂಗಲದಂಥ ದೊಡ್ಡ ಕೆರೆಗೆ ಚಿಕ್ಕದು.

ಹೊತ್ತಿಗೂ ಬೆಲೆ ಇದೆ. ಜಪಾನಿನ ಹೊಕ್ಕೈಡೊದ ಕಾಡಿನ ಒಂದು ತೊರೆಯಲ್ಲಿ ನಕಾನೊ ಮತ್ತು ಮುರಾಕಾಮಿ ಎಂಬ ವಿಜ್ಞಾನಿಗಳು ಲೆಕ್ಕ ಇಟ್ಟು 2001ರಲ್ಲಿ ಪ್ರಕಟಿಸಿದರು. ಅಲ್ಲಿನ ಮೀನುಗಳ ವರ್ಷದ ಆಹಾರಶಕ್ತಿಯಲ್ಲಿ ನೂರಕ್ಕೆ 44 ಭಾಗ ನೆಲದಿಂದ ಬಿದ್ದ ಹುಳಗಳಿಂದಲೇ ಬಂದಿತ್ತು. ಅದರಲ್ಲೂ ತೊರೆಯೊಳಗಿನ ಹುಳ ಕಡಿಮೆಯಾಗುವ ಬೇಸಿಗೆಯಲ್ಲೇ ಇವು ಹೆಚ್ಚು ಬೀಳುತ್ತಿದ್ದವು. ಹೊಟ್ಟೆ ಖಾಲಿ ಇದ್ದಾಗ ಸಿಕ್ಕ ಊಟ ಅದು.

ಯಾವ ಮೀನು ಹುಳ ತಿನ್ನುತ್ತೆ? ಕಾಟ್ಲಾ ತಿನ್ನುತ್ತಾ?

ಕಾಟ್ಲಾ ಮೇಲ್ಪದರದಲ್ಲಿ ಮೇಯುವ ಮೀನು, ಬಾಯಿ ಮೇಲಕ್ಕೆ ತೆರೆದಿರುತ್ತದೆ. ಆದರೆ ಅದರ ಮುಖ್ಯ ಊಟ ನೀರುಚಿಗಟದಂಥ ಜೀವಿಗಳು. ರೋಹು ನಡುವಿನದು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದವು. ಬಿದ್ದ ಹುಳಕ್ಕೆ ಮೊದಲು ಬಾಯಿ ಹಾಕುವವು ನಾಟಿ ಸಣ್ಣ ಮೀನುಗಳು. ತಲೆ ಮೇಲೆ ಬೆಳ್ಳಿ ಚುಕ್ಕೆ ಇಟ್ಟುಕೊಂಡು ನೀರಿನ ಮೇಲ್ಮೈಗೆ ಅಂಟಿದಂತೆ ಈಜುವ ಪುಟ್ಟ ಮೀನನ್ನು ಎಲ್ಲ ಮಕ್ಕಳೂ ನೋಡಿರುತ್ತಾರೆ. ಅದರ ಬದುಕೇ ಹುಳದ ಮೇಲೆ. ಜಿಲೇಬಿ ಮೀನು ಸಿಕ್ಕಿದ್ದೆಲ್ಲ ತಿನ್ನುತ್ತದೆ. ಕೊರಮೀನು ಆ ಸಣ್ಣ ಮೀನನ್ನೇ ನುಂಗುತ್ತದೆ, ಅಲ್ಲಿಗೆ ಹುತ್ತದ ಸಾರ ಕೊರಮೀನಿನ ಮೂಳೆ ಸೇರಿತು.

## ಕೆರೆ ಜೊತೆ ಒಡನಾಡುವವರು ಕೇಳುವಂಥವು

ಮೀನು ಮರಿ ಬಿಟ್ಟ ಮೇಲೆ ನೀರು ಹಸಿರಾಯ್ತು. ಮೀನಿಂದಾನಾ?

ಆಗಬಹುದು. ಮೀನು ನೀರನ್ನು ಹಸಿರು ಮಾಡುವ ದಾರಿಗಳು ಬೇರೆ ಬೇರೆ ಇವೆ, ಯಾವ ಮೀನು ಬಿಟ್ಟಿರಿ ಅನ್ನುವುದರ ಮೇಲೆ ಹೋಗುತ್ತದೆ.

ಸಾಮಾನ್ಯ ಗೆಂಡೆ ಹೂಳು ಕೆದಕಿ ಮೇಯುತ್ತದೆ. ತಳದಲ್ಲಿ ಮಲಗಿದ್ದ ರಂಜಕ ಹೀಗೆ ಮೇಲೆ ಬರುತ್ತದೆ. ಕೆದಕುವುದರಿಂದ ಬರುವುದು ಒಂದು ಪಾಲು, ಹೂಳು ತಿಂದು ನೀರಲ್ಲಿ ವಿಸರ್ಜಿಸುವುದರಿಂದ ಬರುವುದು ಇನ್ನೊಂದು. ಅಮೆರಿಕದ ಒಹಾಯೊದ ಆಕ್ಟನ್ ಕೆರೆಯಲ್ಲಿ ಮೈಕೆಲ್ ವಾನಿ ಮತ್ತು ಸಂಗಡಿಗರು ಹೂಳು ತಿನ್ನುವ ಗಿಜರ್ಡ್ ಶ್ಯಾಡ್ ಎಂಬ ಮೀನನ್ನು ವರ್ಷಗಟ್ಟಲೆ ಅಳೆದು ಇದನ್ನೇ ತೋರಿಸಿದರು. ತಳದ ಸಾರವನ್ನು ಮೇಲೆತ್ತುವ ಜೀವಂತ ಪಂಪು ಅದು. ಕೆರೆಯ ಮಟ್ಟಕ್ಕೆ ನೋಡಿದರೆ ಇದು ಹೊಸ ಸಾರ ಅಲ್ಲ. ಆದರೆ ಪಾಚಿಯ ಪಾಲಿಗೆ ಹೊಸದೇ, ಯಾಕೆಂದರೆ ತಳದಲ್ಲಿದ್ದಾಗ ಅದಕ್ಕೆ ಎಟುಕುತ್ತಿರಲಿಲ್ಲ.

ಕಾಟ್ಲಾದ್ದು ಬೇರೆ ಕಥೆ. ಪಾಚಿ ಮೇಯುವ ನೀರುಚಿಗಟವನ್ನು ಅದು ತಿಂದು ಖಾಲಿ ಮಾಡಿದರೆ ಪಾಚಿಯನ್ನು ತಿನ್ನುವವರೇ ಇಲ್ಲ. ಇನ್ನು ಹುಲ್ಲು ಗೆಂಡೆ. ಕಳೆ ತೆಗೆಯಲಿ ಅಂತ ಅದನ್ನು ಬಿಡುತ್ತಾರೆ. ಅದು ನೀರೊಳಗಿನ ಗಿಡ ತಿಂದು ಅರೆಬರೆ ಜೀರ್ಣವಾದದ್ದನ್ನು ಹೊರಹಾಕುತ್ತದೆ. ಗಿಡ ಹಿಡಿದಿಟ್ಟಿದ್ದ ಸಾರ ಪಾಚಿಗೆ ಸಿಗುತ್ತದೆ. ಗಿಡ ಹೋಯಿತು, ಹಸಿರು ನೀರು ಬಂತು.

ಹಾಗಾದ್ರೆ ಕೊರಮೀನು ಬಿಟ್ಟು ಸಣ್ಣ ಮೀನು ಕಡಿಮೆ ಮಾಡಿದ್ರೆ ನೀರು ತಿಳಿಯಾಗುತ್ತಾ?

ಚಳಿ ದೇಶದ ಆಳದ ಕೆರೆಗಳಲ್ಲಿ ಆಗಿದೆ. ಅಮೆರಿಕದ ಮಿಷಿಗನ್‌ನ ಟ್ಯೂಸ್‌ಡೇ ಕೆರೆಯಲ್ಲಿ 1985ರಲ್ಲಿ ಸಣ್ಣ ಮೀನು ತೆಗೆದು ಬೇಟೆಯಾಡುವ ಬಾಸ್ ಮೀನು ಬಿಟ್ಟರು. ದೊಡ್ಡ ನೀರುಚಿಗಟಗಳು ಹೆಚ್ಚಿದವು, ಪಾಚಿ ಕಡಿಮೆಯಾಯಿತು. ನಮ್ಮ ಕೆರೆಗಳು ಬೆಚ್ಚಗಿನ, ಆಳವಿಲ್ಲದ ಕೆರೆಗಳು. ಜಿಲೇಬಿಯಂಥವು ವರ್ಷಕ್ಕೆ ಹಲವು ಸಲ ಮರಿ ಹಾಕುತ್ತವೆ, ಪಾಚಿ, ಹೂಳು, ಹುಳ ಎಲ್ಲ ತಿನ್ನುತ್ತವೆ. ಇಲ್ಲಿ ಅದರ ಮೇಲೆ ಬಹಳ ಭರವಸೆ ಇಡಬೇಡಿ. ಆಫ್ರಿಕನ್ ಕ್ಯಾಟ್‌ಫಿಶ್ ಅಂತೂ ಬೇಡವೇ ಬೇಡ. 2000ರಿಂದಲೇ ದೇಶದಲ್ಲಿ ಅದರ ಸಾಕಣೆಗೆ ನಿಷೇಧ ಇದೆ.

ಬೇಸಿಗೆಲಿ ಕೆರೆ ಬತ್ತುತ್ತೆ. ಆಗ ಸಾರ ಎಲ್ಲಿ ಹೋಗುತ್ತೆ?

ಹೂಳಿನಲ್ಲಿ ಉಳಿಯುತ್ತದೆ. ನಮ್ಮ ಹಿರಿಯರು ಬೇಸಿಗೆಯಲ್ಲಿ ಕೆರೆಗೋಡು, ಅಂದರೆ ಈ ಹೂಳನ್ನು, ಹೊಡೆದು ಹೊಲಕ್ಕೆ ಹಾಕುತ್ತಿದ್ದದ್ದು ಇದಕ್ಕೇ. ಹೊಲದಿಂದ ಕೊಚ್ಚಿ ಬಂದದ್ದು ಗಾಡಿಯಲ್ಲಿ ಹೊಲಕ್ಕೇ ವಾಪಸ್ ಹೋಗುತ್ತಿತ್ತು. ಕೆರೆಯೂ ಆಳವಾಗುತ್ತಿತ್ತು. ಇದಕ್ಕಿಂತ ಚೆನ್ನಾದ ಪೋಷಕಾಂಶ ಚಕ್ರವನ್ನು ನಾನು ಕಂಡಿಲ್ಲ.

ಗೋಡು ತೆಗೆಯದೆ ಬಿಟ್ಟರೆ, ಒಣಗಿ ಬಿರಿದ ಹೂಳಿಗೆ ಮತ್ತೆ ನೀರು ಬಿದ್ದಾಗ ಸಾರ ಒಮ್ಮೆಗೇ ನೀರಿಗೆ ಬಿಡುತ್ತದೆ. ಒಣಗಿದ್ದಾಗ ಸತ್ತ ಸೂಕ್ಷ್ಮಜೀವಿಗಳು, ಬತ್ತಿದ ಕೆರೆಯ ಅಂಗಳದಲ್ಲಿ ಮೇದ ದನದ ಸಗಣಿ ಎಲ್ಲ ಅದರಲ್ಲಿ ಸೇರಿರುತ್ತವೆ. ಎಷ್ಟೋ ವರ್ಷದ ಮೇಲೆ ತುಂಬಿದ ಕೆರೆ ಮೊದಲ ತಿಂಗಳುಗಳಲ್ಲಿ ಹಸಿರಾಗಲು ಇದೂ ಒಂದು ಕಾರಣ.

ಬೆಳಗ್ಗೆ ನೋಡಿದ್ರೆ ಮೀನೆಲ್ಲ ಸತ್ತು ತೇಲ್ತಿದ್ವು. ಯಾರಾದ್ರೂ ವಿಷ ಹಾಕಿದ್ರಾ?

ಬೆಳಗಿನ ಜಾವ ಸತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಆಮ್ಲಜನಕದ ಕೊರತೆ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೂ ಉಸಿರಾಡುತ್ತದೆ. ಪಾಚಿ ದಟ್ಟವಾಗಿದ್ದರೆ, ಮೋಡ ಮುಚ್ಚಿದ ದಿನದ ಮಾರನೆಯ ಬೆಳಗಿನ ಜಾವಕ್ಕೆ ನೀರಿನಲ್ಲಿ ಉಸಿರೇ ಇರುವುದಿಲ್ಲ. ಮಧ್ಯಾಹ್ನ ಸತ್ತರೆ ಅಮೋನಿಯಾ ಇರಬಹುದು. ಬಿಸಿಲಲ್ಲಿ ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿದಂತೆ ನೀರಿನ ಕ್ಷಾರ ಗುಣ ಏರುತ್ತದೆ, ಆಗ ಅದೇ ಅಮೋನಿಯಾ ವಿಷವಾಗುತ್ತದೆ.

ಸತ್ತ ಮೀನನ್ನು ಬೇಗ ತೆಗೆಯಿರಿ. ಮೆತ್ತಗಿನ ಮೈ ಕೆಲವೇ ದಿನದಲ್ಲಿ ಕೊಳೆತು ಸಾರವನ್ನು ನೀರಿಗೆ ಬಿಡುತ್ತದೆ, ಇರುವ ಆಮ್ಲಜನಕವನ್ನೂ ಎಳೆಯುತ್ತದೆ. ತೆಂಗಿನ ಬುಡದಲ್ಲಿ ಆಳಕ್ಕೆ ಹೂತರೆ ಒಳ್ಳೆಯದು. ವಿಷದ ಅನುಮಾನ ಇದ್ದರೆ ಮಾತ್ರ, ಹೂಳುವ ಮುಂಚೆ ನೀರು ಮತ್ತು ಮೀನನ್ನು ಪರೀಕ್ಷೆಗೆ ಕಳಿಸಿ.

ಕೆರೆಯಿಂದ ಹೊರಗೆ ಹೋಗೋ ಹುಳಗಳೂ ಇವೆ ಅಲ್ವಾ?

ಇವೆ, ಅದು ನನಗೆ ಬಹಳ ಇಷ್ಟವಾದ ವಿಷಯ. ಹೂಳಲ್ಲಿರುವ ಕೆಂಪು ಹುಳ ರೆಕ್ಕೆ ಕಟ್ಟಿಕೊಂಡು ಸೊಳ್ಳೆಯಂಥ, ಆದರೆ ಕಚ್ಚದ ನೊಣವಾಗಿ ಹಾರುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿ ಬೆಳೆಯುವುದೂ ನೀರಲ್ಲೇ. ಇವು ಕೆರೆಯ ಸಾರವನ್ನು ಹೊತ್ತು ಗದ್ದೆಗೆ, ಮರಕ್ಕೆ, ಹಕ್ಕಿಯ ಹೊಟ್ಟೆಗೆ ಸೇರಿಸುತ್ತವೆ. ಐಸ್‌ಲ್ಯಾಂಡಿನ ಮೀವಾತ್ನ್ ಕೆರೆಯ ಹೆಸರಿನ ಅರ್ಥವೇ ಸಣ್ಣ ನೊಣಗಳ ಕೆರೆ. ಅಲ್ಲಿ ಸತ್ತು ಬಿದ್ದ ನೊಣಗಳು ದಡದ ನೆಲಕ್ಕೆ ಗೊಬ್ಬರವಾಗುತ್ತವೆ. ಆಫ್ರಿಕಾದ ವಿಕ್ಟೋರಿಯಾ ಸರೋವರದ ದಡದವರು ಇಂಥ ನೊಣಗಳನ್ನು ಹಿಡಿದು ಉಂಡೆ ಕಟ್ಟಿ ಬೇಯಿಸಿ ತಿನ್ನುತ್ತಾರೆ.

ಮೀನು ಇದರ ಬಾಗಿಲು ಕಾಯುತ್ತದೆ. ಅಮೆರಿಕದ ಫ್ಲೋರಿಡಾದ ಕೊಳಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಕೆಲಸ ಒಂದಿದೆ. ಮೀನಿರುವ ಕೊಳದ ಪಕ್ಕ ಏರೋಪ್ಲೇನ್ ಚಿಟ್ಟೆ ಕಡಿಮೆ. ಅವು ಕಡಿಮೆಯಾದ್ದರಿಂದ ಜೇನು, ನೊಣ, ಚಿಟ್ಟೆ ಜಾಸ್ತಿ. ಅದರಿಂದ ದಡದ ಹೂಗಿಡಗಳಿಗೆ ಹೆಚ್ಚು ಪರಾಗಸ್ಪರ್ಶ. ನೀರೊಳಗಿನ ಮೀನಿಗೂ ದಡದ ಹೂವಿಗೂ ಇಂಥ ನಂಟು!

ಶಿಡ್ಲಘಟ್ಟದಿಂದ ರೇಷ್ಮೆ ಹುಳ ತಂದು ಮೀನಿಗೆ ಹಾಕಬಹುದಾ?

ನೂಲು ತೆಗೆದ ಮೇಲೆ ಉಳಿಯುವ ಕೋಶದ ಹುಳ ಒಳ್ಳೆಯ ಮೀನಿನ ಆಹಾರ. ಒಣ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರೋಟೀನ್ ಇದೆ. ಕೊಬ್ಬೂ ಹೆಚ್ಚು, ಅದಕ್ಕೇ ಹಸಿಯಾಗಿಟ್ಟರೆ ಬೇಗ ಕೆಟ್ಟು ನಾರುತ್ತದೆ. ಒಣಗಿಸಿ, ತವಡು ಅಥವಾ ಹಿಂಡಿ ಬೆರೆಸಿ ಕೊಡಿ.

ಆದರೆ ಮಂದೆಯ ಲೆಕ್ಕ ಮರೆಯಬೇಡಿ. ಹಿಪ್ಪುನೇರಳೆ ತೋಟದಲ್ಲಿ ಮೇದ ಹುಳವನ್ನು ಮೂಟೆಗಟ್ಟಲೆ ನೀರಿಗೆ ಸುರಿಯುತ್ತಿದ್ದೀರಿ. ಕೃಷಿ ಹೊಂಡದಲ್ಲಿ ಇದು ಲಾಭ, ಸಾರ ತುಂಬಿದ ಆ ನೀರೇ ಬೆಳೆಗೆ ಹೋಗುತ್ತದೆ. ಊರಿಗೆ ಕುಡಿಯುವ ನೀರು ಕೊಡುವ ಕೆರೆಗೆ ಹಾಕುವುದು ತಪ್ಪು.

ಟೊಮೆಟೊಗೆ ಹೊಡೆದ ಔಷಧಿಯಿಂದ ಮೀನಿಗೆ ತೊಂದ್ರೆನಾ?

ನೇರ ವಿಷ ತಗುಲದಿದ್ದರೂ ಊಟ ತಪ್ಪಿಸುತ್ತದೆ. ಜಪಾನಿನ ಶಿಂಜಿ ಸರೋವರದ ಸುತ್ತಲಿನ ಗದ್ದೆಗಳಲ್ಲಿ 1993ರಿಂದ ನಿಯೊನಿಕೊಟಿನಾಯ್ಡ್ ಕೀಟನಾಶಕ ಬಳಸತೊಡಗಿದರು. ಆಮೇಲೆ ಅಲ್ಲಿ ನೀರಿನ ಸಣ್ಣ ಜೀವಿಗಳು ಸರಾಸರಿ ನೂರಕ್ಕೆ 83 ಭಾಗ ಇಳಿದವು. ಬಲೆಗೆ ಸಿಗುತ್ತಿದ್ದ ಸ್ಮೆಲ್ಟ್ ಎಂಬ ಮೀನು ವರ್ಷಕ್ಕೆ 240 ಟನ್‌ನಿಂದ 22 ಟನ್‌ಗೆ ಬಿತ್ತು. ನಾವು ಬಳಸುವ ಇಮಿಡಾಕ್ಲೋಪ್ರಿಡ್ ಇದೇ ಗುಂಪಿನದು. ರಾಜಕಾಲುವೆ ಪಕ್ಕದ ಸಾಲುಗಳಿಗೆ ಹೊಡೆಯಬೇಡಿ, ಪಂಪನ್ನು ಕೆರೆಯಲ್ಲಿ ತೊಳೆಯಬೇಡಿ.

ಹುಳ ಬೀಳ್ಲಿ ಅಂತ ದಡದಲ್ಲಿ ಯಾವ ಮರ ಹಾಕ್ಬೇಕು?

ಹೊಂಗೆ, ಅತ್ತಿ, ನೇರಳೆ. ನಾಟಿ ಮರಕ್ಕೆ ನಾಟಿ ಹುಳ ಹೆಚ್ಚು. ನೀಲಗಿರಿಯಲ್ಲಿ ಅಷ್ಟು ಇರುವುದಿಲ್ಲ. ಏರಿಯ ಮೈಮೇಲೆ ಮಾತ್ರ ದೊಡ್ಡ ಮರ ಬೇಡ, ಬೇರು ಏರಿಯನ್ನು ಸಡಿಲ ಮಾಡುತ್ತದೆ. ಅಂಗಳದ ಅಂಚಿನಲ್ಲಿ ಹಾಕಿ.

## ಇನ್ನೂ ಒಳಗೆ ಹೋಗುವವರಿಗೆ

ಮೀನು ರಂಜಕ ಬಿಡುತ್ತೆ ಅಂತಾರೆ, ಹಿಡಿದಿಡುತ್ತೆ ಅಂತಾನೂ ಅಂತಾರೆ. ಯಾವುದು ನಿಜ?

ಎರಡೂ ನಿಜ. ಮೀನಿನ ಮೂಳೆ, ಹುರುಪೆ ಎರಡೂ ಕ್ಯಾಲ್ಸಿಯಂ ಮತ್ತು ರಂಜಕದಿಂದ ಆದವು. ಬೆಳೆಯುವ ಮರಿಗೆ ಮೂಳೆ ಕಟ್ಟಲು ರಂಜಕ ಬೇಕು, ಅದನ್ನು ಉಳಿಸಿಕೊಳ್ಳುತ್ತದೆ. ಊಟ ಯಾವುದು ಅನ್ನುವುದೂ ಮುಖ್ಯ. ಹುಳದಲ್ಲಿ 1 ಪಾಲು ರಂಜಕಕ್ಕೆ ಸುಮಾರು 10 ಪಾಲು ಸಾರಜನಕ. ಮೀನಿನ ಮೈಯಲ್ಲಿ 1ಕ್ಕೆ ಸುಮಾರು 5. ಅಂದರೆ ಹುಳ ತಿಂದ ಮೀನಿಗೆ ಸಾರಜನಕ ಮಿಗುತ್ತದೆ, ರಂಜಕ ಸಾಲುವುದಿಲ್ಲ. ಮಿಕ್ಕದ್ದನ್ನು ಬಿಡುತ್ತದೆ, ಬೇಕಾದ್ದನ್ನು ಇಟ್ಟುಕೊಳ್ಳುತ್ತದೆ. ಹೂಳು ತಿನ್ನುವ ಮೀನಿನ ಊಟದಲ್ಲಿ ರಂಜಕ ಜಾಸ್ತಿ ಇದ್ದರೆ ಅದನ್ನೇ ಹೊರಗೆ ಬಿಡುತ್ತದೆ.

ಮೈಯ ಗಾತ್ರವೂ ಸೇರುತ್ತದೆ. ಒಂದು ಕೆಜಿಯ ಒಂದು ಮೀನಿಗಿಂತ ಒಂದು ಕೆಜಿ ಆಗುವಷ್ಟು ಸಣ್ಣ ಮೀನುಗಳು ಒಟ್ಟಾಗಿ ಹೆಚ್ಚು ವಿಸರ್ಜಿಸುತ್ತವೆ. ನೀರು ಬೆಚ್ಚಗಾದಷ್ಟೂ ಇನ್ನೂ ಹೆಚ್ಚು.

ನಮ್ಮ ಕೆಂಪು ಮಣ್ಣು ಇದಕ್ಕೆ ಏನಾದ್ರೂ ಮಾಡುತ್ತಾ?

ಮಾಡುತ್ತದೆ. ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು. ಆ ಕಬ್ಬಿಣ ರಂಜಕವನ್ನು ಬಿಗಿಯಾಗಿ ಹಿಡಿಯುತ್ತದೆ. ತಳದಲ್ಲಿ ಆಮ್ಲಜನಕ ಇರುವ ತನಕ ಹಿಡಿತ ಸಡಿಲುವುದಿಲ್ಲ. ಆಮ್ಲಜನಕ ಮುಗಿದರೆ ಕಬ್ಬಿಣ ಕರಗುತ್ತದೆ, ರಂಜಕ ನೀರಿಗೆ ಬರುತ್ತದೆ. ಹೊರಗಿನಿಂದ ಒಂದು ಹನಿ ಕೊಳಕು ಬಾರದಿದ್ದರೂ ಹಳೆಯ ಹೂಳಿನಿಂದಲೇ ಕೆರೆ ಹಸಿರಾಗುವುದು ಹೀಗೆ.

ಮೀನು ಹಿಡಿದು ಮಾರಿದ್ರೆ ಎಷ್ಟು ಸಾರ ಹೊರಗೆ ಹೋಗುತ್ತೆ? ಈಗ ಬೆಂಗಳೂರಿನ ನೀರೂ ಬರ್ತಿದೆಯಲ್ಲ?

ಒಂದು ಟನ್ ಹಸಿ ಮೀನಿನಲ್ಲಿ ಸುಮಾರು 25 ಕೆಜಿ ಸಾರಜನಕ, 4ರಿಂದ 5 ಕೆಜಿ ರಂಜಕ ಇರುತ್ತದೆ. ಬಲೆ ಎಳೆದು ಸಂತೆಗೆ ಕಳಿಸಿದರೆ ಅಷ್ಟು ಹೊರಗೆ ಹೋಯಿತು. ಬೆಳ್ಳಕ್ಕಿ, ನೀರುಕಾಗೆಗಳೂ ಸ್ವಲ್ಪ ಹೊತ್ತೊಯ್ಯುತ್ತವೆ, ಆದರೆ ಕೆರೆಯೊಳಗಿನ ಜಾಲಿ ಮರದಲ್ಲೇ ಕೂತು ಹಿಕ್ಕೆ ಹಾಕಿದರೆ ಅದು ವಾಪಸ್ ಬಂತು.

2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ, ಎರಡನೇ ಹಂತದವರೆಗೆ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ನಮ್ಮ ಕೆರೆಗಳಿಗೆ ಹರಿಯುತ್ತಿದೆ. ದಿನಕ್ಕೆ 440 ದಶಲಕ್ಷ ಲೀಟರ್ ಯೋಜನೆಯ ಗುರಿ. ಎರಡನೇ ಹಂತದ ಸಂಸ್ಕರಣೆ ಮುಖ್ಯವಾಗಿ ಕೊಳೆಯುವ ಕಸವನ್ನು ತೆಗೆಯುತ್ತದೆ, ರಂಜಕದ ದೊಡ್ಡ ಪಾಲು ನೀರಿನಲ್ಲೇ ಉಳಿಯುತ್ತದೆ. ಲೀಟರಿಗೆ 1 ಮಿಲಿಗ್ರಾಂ ಅಂತ ಇಟ್ಟುಕೊಂಡರೂ, ಒಂದು ಕೆರೆಗೆ ದಿನಕ್ಕೆ 10 ಲಕ್ಷ ಲೀಟರ್ ಬಂದರೆ ದಿನಕ್ಕೆ 1 ಕೆಜಿ ರಂಜಕ ಬಂತು. ಅಂದರೆ ಒಂದು ಟನ್ ಮೀನು ತೆಗೆದರೆ ನಾಲ್ಕೈದು ದಿನದ ರಂಜಕ ಮಾತ್ರ ಹೋಯಿತು.

ಈ ನೀರಿನಿಂದ ಬತ್ತಿದ ಬಾವಿಗಳಲ್ಲಿ ನೀರು ಕಂಡವರ ಸಂತೋಷ ನನಗೆ ಗೊತ್ತು, ಅದು ನನ್ನದೂ ಹೌದು. ಆದರೆ ಇಂಥ ಕೆರೆಯಲ್ಲಿ ಮೀನು, ಹುಳದ ಲೆಕ್ಕ ಹಿಂದಕ್ಕೆ ಸರಿಯುತ್ತದೆ. ಅಲ್ಲಿ ಮೊದಲು ಕೇಳಬೇಕಾದದ್ದು ರಂಜಕವನ್ನೂ ತೆಗೆಯುವ ಮೂರನೇ ಹಂತದ ಸಂಸ್ಕರಣೆ. ನಮ್ಮ ಬೆಟ್ಟದ ಹೆಸರನ್ನೇ ಹೊತ್ತ ಅಂತರಗಂಗೆ ಕಳೆ ಆ ಕೆರೆಗಳಲ್ಲಿ ಹಬ್ಬಿದರೆ ಅದನ್ನು ಕಿತ್ತು ದಡದಲ್ಲಿ ರಾಶಿ ಹಾಕಿ ಬಿಡಬೇಡಿ. ದೂರ ಒಯ್ದು ಗೊಬ್ಬರ ಮಾಡಿ, ಇಲ್ಲದಿದ್ದರೆ ಕೊಳೆತ ರಸ ಮಳೆಗೆ ಮತ್ತೆ ಕೆರೆಗೇ ಇಳಿಯುತ್ತದೆ.

ಇದನ್ನೆಲ್ಲ ಮಕ್ಕಳ ಜೊತೆ ನಾವೇ ಅಳೆಯಬಹುದಾ?

ಖಂಡಿತ. 20 ಸೆಂಟಿಮೀಟರ್ ಅಗಲದ ಬಿಳಿ ತಟ್ಟೆಗೆ ಕಲ್ಲು ಕಟ್ಟಿ, ಗುರುತು ಹಾಕಿದ ಹಗ್ಗದಲ್ಲಿ ಇಳಿಸಿ. ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೋ ಬರೆದುಕೊಳ್ಳಿ. ಇಟಲಿಯ ವಿಜ್ಞಾನಿ ಸೆಕ್ಕಿ 1865ರಲ್ಲಿ ತೋರಿಸಿಕೊಟ್ಟ ವಿಧಾನ ಇದು, ಇವತ್ತಿಗೂ ನಡೆಯುತ್ತದೆ. ಮೀನು ಬಿಡುವ ಮುಂಚೆ, ಬಿಟ್ಟ ಮೇಲೆ, ತಿಂಗಳಿಗೊಮ್ಮೆ ಅಳೆಯಿರಿ.

ಮೀನಿನ ವಿಸರ್ಜನೆಗೆ ಎರಡು ಬಕೆಟ್ ಸಾಕು. ಎರಡಕ್ಕೂ ಶೋಧಿಸಿದ ಕೆರೆ ನೀರು, ಒಂದರಲ್ಲಿ ಮಾತ್ರ ಆಗತಾನೆ ಹಿಡಿದ ಕೆಲವು ಸಣ್ಣ ಮೀನು. ಅರ್ಧ ಗಂಟೆ ಬಿಟ್ಟು ಅಲಂಕಾರಿಕ ಮೀನಿನ ಅಂಗಡಿಯಲ್ಲಿ ಸಿಗುವ ಅಮೋನಿಯಾ ಕಿಟ್‌ನಲ್ಲಿ ಎರಡನ್ನೂ ಪರೀಕ್ಷಿಸಿ, ಮೀನನ್ನು ಕೆರೆಗೆ ಬಿಡಿ.

ಹುಳ ಎಣಿಸಲು ಅಗಲ ಬೋಗುಣಿಯಲ್ಲಿ ನೀರು, ಎರಡು ಹನಿ ಸೋಪು ಹಾಕಿ ಹಲಗೆ ಮೇಲೆ ತೇಲಿಬಿಡಿ. ಒಂದು ದಡದ ಮರದ ಕೆಳಗೆ, ಒಂದು ಬಯಲು ದಡದಲ್ಲಿ, ಒಂದು ಸ್ವಲ್ಪ ಒಳಗೆ. ಮಾರನೆಯ ದಿನ ಸೋಸಿ, ಜಾತಿವಾರು ಎಣಿಸಿ, ಒಣಗಿಸಿ ತೂಗಿ. ದಡದ ಬೀದಿದೀಪ ಉರಿಯುವ ರಾತ್ರಿ, ಉರಿಯದ ರಾತ್ರಿ ಎರಡನ್ನೂ ಹೋಲಿಸಿ. ಮೊದಲ ಮಳೆಯ ಸಂಜೆಗೆ ಬೋಗುಣಿ ಸಿದ್ಧವಾಗಿರಲಿ. ಈಚಲು ಹುಳ ಯಾರಿಗೂ ಕಾಯುವುದಿಲ್ಲ, ಕತ್ತಲಾಗುವಷ್ಟರಲ್ಲಿ ಹಾರಿ ಮುಗಿಸಿರುತ್ತದೆ.